ಲಕ್ಷ್ಮಿಯ ಸೀರೆಯ ಮೇಲೊಂದು ಹಳದಿ ಗೆರೆ

ನಳಿನಿ ಪ್ರಿಂಟರಿನ ಮುಂದಿನ ಮುಚ್ಚಳವನ್ನು ಎಳೆದು ತೆಗೆದು ಒಳಗೆ ಕೈ ತೋರಿಸಿದಳು.

"ನೀವೇ ನೋಡಿ ಮೇಡಂ. ಇದರಲ್ಲಿ ಇಂಕೇ ಇಲ್ಲ. ಲೇಸರ್ ಇದು. ಬರೀ ಟೋನರ್ ಪುಡಿ, ಅದೂ ಕಪ್ಪೊಂದೇ."

ಅನುಸೂಯಾ ಬಗ್ಗಿ ನೋಡಿದರು. ಬಗ್ಗಿದ್ದೇ ತಪ್ಪಾಯಿತು. ಮಧ್ಯಾಹ್ನ ಹೂಸ್ಟನ್ ಬಿಟ್ಟಾಗಿನಿಂದ ಗೊಣಗುತ್ತಿದ್ದ ಬಲಮಂಡಿ ಈಗ ಬಾಯಿಬಿಟ್ಟು ಕೂಗಿತು. ಅವರು ಮೇಜಿನ ಅಂಚು ಹಿಡಿದು ನಿಧಾನವಾಗಿ ನೆಟ್ಟಗಾದರು. ಟೆಕ್ಸಸ್ಸಿನ ಡಾಲಸ್, ಹೂಸ್ಟನ್, ಆಸ್ಟಿನ್ ಎಂದು ನಾಲ್ಕು ದಿನ ಕಾರಿನಲ್ಲಿ ಕೂತು ಸವೆಸಿದ ಮೇಲೆ ಐವತ್ತೊಂಬತ್ತರ ಮಂಡಿಯನ್ನು ದೂರಿ ಪ್ರಯೋಜನವೂ ಇರಲಿಲ್ಲ.

"ಒಂದು ಪುಟ ತೆಗೆದು ಕೊಡಿ" ಎಂದರು.

ಪ್ರಿಂಟರ್ ಗುರ್ರೆಂದು ಬಿಸಿ ಕಾಗದವೊಂದನ್ನು ಹೊರಗೆ ತಳ್ಳಿತು. ಅನುಸೂಯಾ ಭೂತಗನ್ನಡಿ ಹಿಡಿದರು. ಅಕ್ಷರಗಳು ಕಾಗದದ ಮೇಲೆ ಕೂತಿದ್ದವು, ಒಳಗೆ ಇಳಿದಿರಲಿಲ್ಲ. ಕಪ್ಪು ಎಂದರೆ ಶುದ್ಧ ಕಪ್ಪು. ಅವರ ಫೈಲಿನಲ್ಲಿದ್ದ ಪತ್ರಗಳಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಆ ಪತ್ರಗಳು ಮೂರು. ಡಾಲಸ್ ಪಕ್ಕದ ಮರ್ಫಿಯಲ್ಲಿ ಮನೆಯಲ್ಲೇ ಡೇಕೇರ್ ನಡೆಸುವ ಶೀತಲ್, ಮಕ್ಕಳಿಗೆ ಮಧ್ಯಾಹ್ನ ನಿದ್ದೆಯ ಔಷಧಿ ಕುಡಿಸಿ ಮಲಗಿಸುತ್ತಾಳೆ ಎಂದು ಹೆಸರಿಲ್ಲದವರು ಯಾರೋ ಲೈಸೆನ್ಸ್ ಇಲಾಖೆಗೆ ಬರೆದಿದ್ದರು. ಸುದ್ದಿ ಹರಡಿ ಒಂಬತ್ತು ಮಕ್ಕಳಲ್ಲಿ ಏಳು ಮಕ್ಕಳು ಬಿಟ್ಟುಹೋಗಿದ್ದವು. ಸೋಮವಾರ ಬೆಳಗ್ಗೆ ಹತ್ತಕ್ಕೆ ಲೈಸೆನ್ಸ್ ಇಲಾಖೆಯ ವಿಚಾರಣೆ. ಅಷ್ಟರೊಳಗೆ ಪತ್ರ ಯಾರ ಪ್ರಿಂಟರಿನಿಂದ ಹೊರಟಿತು ಎಂದು ದಾಖಲೆ ಪರೀಕ್ಷಕಿ ಅನುಸೂಯಾ ಬರೆದು ಸಹಿ ಹಾಕಿ ಶೀತಲ್‌ಳ ವಕೀಲರಿಗೆ ಕೊಡಬೇಕಿತ್ತು.

ಶೀತಲ್ ಮೊದಲ ದಿನವೇ ಬೆರಳು ತೋರಿಸಿದ್ದು ನಳಿನಿಯತ್ತ. ಒಂದು ಕಾಲಕ್ಕೆ ಇಬ್ಬರೂ ಸೇರಿ ನಡೆಸುತ್ತಿದ್ದ ಡೇಕೇರ್ ಅದು. ಈಗ ನಳಿನಿ ಆಸ್ಟಿನ್ ಬಳಿಯ ಜಾರ್ಜ್‌ಟೌನಿನಲ್ಲಿ ಮೂರನೆಯ ಕ್ಲಾಸಿನ ಟೀಚರ್. ಶಾಲೆಯ ಗುರುತಿನ ಚೀಟಿಯ ಪಟ್ಟಿ ಇನ್ನೂ ಅವಳ ಕೊರಳಲ್ಲೇ ತೂಗುತ್ತಿತ್ತು. ಸುಳ್ಳು ದೂರು ಬರೆದವಳು ಎಂಬ ಹೆಸರು ಸೋಮವಾರ ಬಂದರೆ ಮಂಗಳವಾರ ಆ ಪಟ್ಟಿ ಇರುವುದಿಲ್ಲ. ಬರದಿದ್ದರೆ ಶೀತಲ್‌ಳ ಡೇಕೇರ್ ಇರುವುದಿಲ್ಲ. ಇಬ್ಬರಲ್ಲಿ ಒಬ್ಬಳ ಅನ್ನ ಅನುಸೂಯಾರ ಒಂದು ಸಹಿಯಲ್ಲಿ ಕೂತಿತ್ತು, ಮತ್ತು ಅನುಸೂಯಾರಿಗೆ ಸದ್ಯ ಬೇಕಾಗಿದ್ದುದು ಒಂದು ಲೋಟ ಬಿಸಿನೀರು, ಒಂದು ನೋವಿನ ಮಾತ್ರೆ.

ಕೈಚೀಲದಲ್ಲಿ ತಡಕಾಡಿದರು. ಕನ್ನಡಕದ ಡಬ್ಬಿ ಸಿಕ್ಕಿತು, ಟೋಲ್ ರಸ್ತೆಯ ಬಿಲ್ಲು ಸಿಕ್ಕಿತು, ಮಂಗಳವಾರ ಶೀತಲ್‌ಳ ಅತ್ತೆ ಕಮಲವ್ವ ಅರಿಶಿನ ಕುಂಕುಮ ಕೊಟ್ಟಾಗ ಕೈಗಿಟ್ಟಿದ್ದ ಪೊಟ್ಟಣ ಸಿಕ್ಕಿತು. ಮಾತ್ರೆ ಮಾತ್ರ ಸಿಗಲಿಲ್ಲ.

"ಲೇಸರ್ ಯಾವಾಗ ತಗೊಂಡಿರಿ?"

"ಇಲ್ಲಿಗೆ ಶಿಫ್ಟ್ ಆದ ಮೇಲೆ. ಹದಿನಾಲ್ಕು ತಿಂಗಳಾಯ್ತು. ಮೊದಲು ಇಂಕ್‌ಜೆಟ್ ಇತ್ತು. ಸಾಕಾಗಿಹೋಗಿತ್ತು ಮೇಡಂ ಅದರ ಸಹವಾಸ."

ಇಂಕ್‌ಜೆಟ್. ಅನುಸೂಯಾ ಮಾತ್ರೆಯನ್ನು ಮರೆತು ಕುರ್ಚಿ ಎಳೆದುಕೊಂಡು ಕೂತರು.

*

ಅಂದು ಬೆಳಗ್ಗೆ ಹೂಸ್ಟನ್ನಿನಲ್ಲಿ ಗೋಪಾಲಕೃಷ್ಣ ಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನಕ್ಕಿದ್ದರು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹದಿನೈದು ವರ್ಷ, ಹೂಸ್ಟನ್ನಿನಲ್ಲಿ ಇಪ್ಪತ್ತು ವರ್ಷ ಖಾಲಿ ಕಾರ್ಟ್ರಿಜ್‌ಗಳಿಗೆ ಇಂಕು ತುಂಬಿಸಿದ ಮನುಷ್ಯ. ಅಂಗಡಿ ಮುಚ್ಚಿದರೂ ಉಗುರಿನ ಸಂದಿಯ ನೀಲಿ ಹೋಗಿರಲಿಲ್ಲ.

"ಅಮ್ಮಾ, ಇದು ಕಪ್ಪೇ ಅಲ್ಲ" ಎಂದಿದ್ದರು. "ಮೂರು ಬಣ್ಣ ಸೇರಿಸಿ ಮಾಡಿರೋ ಕಪ್ಪು. ಎರಡು ಕಾರ್ಟ್ರಿಜ್‌ನ ಮಶಿನ್ನು. ಕಪ್ಪಿನದನ್ನ ಕಿತ್ತಿಟ್ಟು ಬಣ್ಣದ್ದೊಂದರಲ್ಲೇ ಓಡಿಸ್ತಿದಾರೆ."

"ಈ ಹಸಿರು ಗೆರೆ?"

ಪತ್ರದ ಸಾಲುಗಳಲ್ಲಿ ಅಕ್ಷರದ ಹೊಟ್ಟೆ ಸೀಳಿಕೊಂಡು ಕೂದಲೆಳೆಯಷ್ಟು ಹಸಿರು ಗೆರೆ ಓಡಿತ್ತು. ಅದರ ಕೆಳಗೆ ಮೂರು ಮಿಲಿಮೀಟರ್ ಬಿಟ್ಟು ಇನ್ನೊಂದು. ಪುಟದುದ್ದಕ್ಕೂ ಅದೇ ಜೋಡಿ, ಅದೇ ಅಂತರ.

"ಗುಲಾಬಿ ಬಣ್ಣ ಬೀಳೋ ತೂತು ಎರಡು ಕಟ್ಟಿಕೊಂಡಿವೆ. ಅಲ್ಲಿ ನೀಲಿ, ಹಳದಿ ಎರಡೇ ಬೀಳುತ್ತೆ. ಹಸಿರಾಗುತ್ತೆ. ಇಂಥ ಕಾರ್ಟ್ರಿಜ್‌ನಲ್ಲಿ ತೂತು ಅದರ ಮೂತಿಯಲ್ಲೇ ಇರುತ್ತೆ ಅಮ್ಮಾ. ಹೊಸದು ಹಾಕಿದ್ರೆ ತೂತೂ ಹೊಸದು, ಗೆರೆ ಮಾಯ. ಇವರು ಹಾಕಿಲ್ಲ. ಹಳೇದಕ್ಕೇ ಸಿರಿಂಜಲ್ಲಿ ಇಂಕು ಚುಚ್ಚಿ ಚುಚ್ಚಿ ಓಡಿಸ್ತಿದಾರೆ." ಗೋಪಾಲಕೃಷ್ಣ ಮತ್ತೆ ನಕ್ಕರು. "ನಮ್ಮ ಜನಾನೇ ಬಿಡಿ. ಪ್ರಿಂಟರಿಗಿಂತ ಇಂಕಿಗೆ ಜಾಸ್ತಿ ಕೊಡೋದು ಅಂದ್ರೆ ನಮಗೆ ಕರುಳು ಕಿತ್ತುಬರುತ್ತೆ."

ಹೊಸ ಕಾರ್ಟ್ರಿಜ್ ಕೊಂಡಿದ್ದರೆ ಗುರುತೇ ಅಳಿಸಿಹೋಗುತ್ತಿತ್ತು. ನಲವತ್ತು ಚಿಲ್ಲರೆ ಡಾಲರ್ ಉಳಿಸಲು ಹೋಗಿ ಯಾರೋ ತಮ್ಮ ಬೆರಳಚ್ಚನ್ನೇ ಉಳಿಸಿಕೊಂಡಿದ್ದರು.

"ಅದೇ ಮಶಿನ್ನಲ್ಲಿ ತೆಗೆದ ಕೆಂಪು ಚಿತ್ರ ಒಂದು ಸಿಕ್ರೆ ಸಾಕು. ಕೆಂಪಿನ ನಡುವೆ ಹಳದಿ ಗೆರೆ ಕಾಣುತ್ತೆ. ಮತ್ತೆ ಇಲ್ಲಿ ನೋಡಿ" ಎಂದು ಅವರು ಕಾಗದದ ಎಡಮೂಲೆ ತೋರಿಸಿದ್ದರು. ಉಗುರು ಒತ್ತಿದಂಥ ಒಂದು ಸಣ್ಣ ಗುಳಿ. "ಕಾಗದ ಎಳೆಯೋ ಗಾಲಿ ಸವೆದಿದೆ. ಎಳೆಯುವಾಗ ಕಚ್ಚುತ್ತೆ. ಪ್ರತೀ ಕಾಗದಾನೂ ಕಚ್ಚುತ್ತೆ."

ಮಧ್ಯಾಹ್ನ ದಾರಿಯಲ್ಲಿ ಬ್ರೆನಂ ಎಂಬ ಊರು ದಾಟುವಾಗ ಶೀತಲ್ ಫೋನ್ ಮಾಡಿದ್ದಳು. ಪಾಪದ ಹುಡುಗಿ, ದಿನಕ್ಕೆ ನಾಲ್ಕು ಸಲ ಮಾಡುತ್ತಿದ್ದಳು. ಕೆಂಪು ಚಿತ್ರ, ಹಳದಿ ಗೆರೆ, ನಳಿನಿಯ ಮನೆ, ಎಲ್ಲವನ್ನೂ ಅನುಸೂಯಾ ಹೇಳಿಬಿಟ್ಟಿದ್ದರು. ಹೇಳಬಾರದಿತ್ತು. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ದಾಖಲೆ ಪರೀಕ್ಷಕಿಯಾಗಿ ಹತ್ತೊಂಬತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡೇ ಕೆಲಸ ಮಾಡಿದವರು. ಆದರೆ ಗಂಟೆಗಟ್ಟಲೆ ಒಬ್ಬರೇ ಓಡಿಸುವಾಗ ಇನ್ನೊಂದು ದನಿ ಕೇಳಿದರೆ ಸಾಕೆನಿಸುತ್ತದೆ.

*

"ಹಳೇ ಇಂಕ್‌ಜೆಟ್ಟಿನ ಕಥೆ ಹೇಳಿ" ಎಂದರು ಈಗ.

ನಳಿನಿ ಟೀ ತಂದಿಟ್ಟಳು. ಏಲಕ್ಕಿ ಜಾಸ್ತಿಯಾಗಿತ್ತು. ಅನುಸೂಯಾ ದೂರಲಿಲ್ಲ.

"ಮರ್ಫಿಯಲ್ಲಿ ನಮ್ಮನೇಲೇ ಡೇಕೇರ್ ಇದ್ದಾಗ ತಗೊಂಡಿದ್ದು. ಥ್ಯಾಂಕ್ಸ್‌ಗಿವಿಂಗ್ ಸೇಲಲ್ಲಿ ಮೂವತ್ತೊಂಬತ್ತು ಡಾಲರ್. ಎಷ್ಟು ಅಗ್ಗ ಅಂತ ಕುಣಿದಾಡಿದ್ವಿ. ಎರಡೇ ವಾರಕ್ಕೆ ಇಂಕು ಖಾಲಿ. ಹೊಸ ಸೆಟ್ಟಿಗೆ ನಲವತ್ತಾರು! ಆಮೇಲೆ ತಿಂಗಳಿಗಿಷ್ಟು ಅಂತ ಕಟ್ಟೋ ಇಂಕಿನ ಪ್ಲಾನ್ ತಗೊಂಡ್ವಿ, ಅದು ಪುಟ ಲೆಕ್ಕ ಹಾಕುತ್ತೆ. ಮಕ್ಕಳು ಆನೆ ಬೇಕು, ಜಿರಾಫೆ ಬೇಕು ಅಂತಾರೆ, ಅವಕ್ಕೆ ಪುಟದ ಲೆಕ್ಕ ಗೊತ್ತಾ? ಅದನ್ನೂ ಬಿಟ್ವಿ. ಕೊನೆಗೆ ಸಿರಿಂಜು."

"ಸಿರಿಂಜು" ಎಂದು ಅನುಸೂಯಾ ಮೆಲ್ಲಗೆ ಪುನರುಚ್ಚರಿಸಿದರು.

"ಊರಿಂದ ಬರೋರ ಹತ್ರ ಇಂಕ್ ಬಾಟ್ಲಿ ತರಿಸ್ತಿದ್ವಿ. ಆದ್ರೂ ರಜ ಬಂದಾಗ ಬಳಸದೆ ಬಣ್ಣ ಒಣಗೋದು. ಅದಕ್ಕೆ ಕಮಲವ್ವ ಆಂಟಿ ಒಂದು ಉಪಾಯ ಹೇಳಿಕೊಟ್ರು. ಶೀತಲ್ ಅತ್ತೆ, ನೋಡಿದೀರಲ್ಲ? ವಾರಕ್ಕೊಂದು ಬಣ್ಣದ ಚಿತ್ರ ತೆಗೆದ್ರೆ ಒಣಗಲ್ಲ ಅಂತಾದ್ರೆ ಜಿರಾಫೆ ಯಾಕೆ, ಶುಕ್ರವಾರ ಶುಕ್ರವಾರ ಒಂದು ಲಕ್ಷ್ಮೀದು ತೆಗಿ, ಪುಣ್ಯಾನಾದ್ರೂ ಬರುತ್ತೆ ಅಂದ್ರು."

ಅನುಸೂಯಾರಿಗೆ ನಗು ಬಂತು. ಕಮಲವ್ವನನ್ನು ನೋಡಿದ್ದೇನು, ನಾಲ್ಕು ದಿನದಿಂದ ಸಂಜೆ ಸಂಜೆ ಫೋನ್ ಮಾಡಿ ಊಟವಾಯಿತೇ ಎಂದು ಕೇಳುವ ಜೀವ ಈ ದೇಶದಲ್ಲಿ ಅವರಿಗೆ ಅದೊಂದೇ ಆಗಿತ್ತು. ಕ್ಯಾರಲ್ಟನ್ನಿನ ತಮ್ಮ ಅಪಾರ್ಟ್‌ಮೆಂಟಿನಲ್ಲಿ ಹನ್ನೊಂದು ವರ್ಷದಿಂದ ಆ ಪ್ರಶ್ನೆ ಕೇಳುವವರಿರಲಿಲ್ಲ.

ನಗು ಅಲ್ಲಿಗೇ ನಿಂತಿತು. ಶುಕ್ರವಾರ ಶುಕ್ರವಾರ. ಲಕ್ಷ್ಮಿ. ಕೆಂಪು ಸೀರೆ.

"ಆ ಚಿತ್ರಗಳನ್ನೆಲ್ಲ ಏನು ಮಾಡಿದಿರಿ?"

"ಏನು ಮಾಡೋದು ಮೇಡಂ? ದೇವರ ಫೋಟೋನ ರೀಸೈಕಲ್ ಡಬ್ಬಕ್ಕೆ ಹಾಕಕ್ಕಾಗುತ್ತಾ?" ನಳಿನಿ ಎದ್ದಳು. "ಇವೆ. ಮನೆ ಖಾಲಿ ಮಾಡುವಾಗ ಅರ್ಧ ಸಾಮಾನು ಎಸೆದೆ, ಇವನ್ನು ಮಾತ್ರ ಹೊತ್ತುಕೊಂಡು ಬಂದೆ."

ದೇವರ ಕೋಣೆಯ ಕೆಳಗಿನ ಕಪಾಟಿನಿಂದ ಅವಳು ಒಂದು ಸೀರೆಯ ಡಬ್ಬ ತಂದಳು. ಒಳಗೆ ನಲವತ್ತೊಂದು ಲಕ್ಷ್ಮಿಯರು. ಒಬ್ಬಳೇ ಲಕ್ಷ್ಮಿ, ನಲವತ್ತೊಂದು ಶುಕ್ರವಾರ. ಪ್ರತಿಯೊಂದರ ಬೆನ್ನಿಗೂ ಪೆನ್ಸಿಲಿನಲ್ಲಿ ತಾರೀಖು. ಟೀಚರಿನ ಬುದ್ಧಿ ಎಲ್ಲಿ ಹೋಗುತ್ತದೆ!

ಇಂಥ ಸಾಕ್ಷಿಯನ್ನು ಅನುಸೂಯಾ ತಮ್ಮ ವೃತ್ತಿಯಲ್ಲೇ ಕಂಡಿರಲಿಲ್ಲ. ಒಂದು ಯಂತ್ರ ವಾರದಿಂದ ವಾರಕ್ಕೆ ಮುದಿಯಾಗುತ್ತ ಹೋದ ದಿನಚರಿ, ಪುಣ್ಯದ ಆಸೆಗೂ ಪಾಪದ ಹೆದರಿಕೆಗೂ ಒಂದೂ ಕಳೆಯದೆ ಉಳಿದುಬಿಟ್ಟಿತ್ತು.

ಅವರು ಊಟದ ಮೇಜಿನ ಮೇಲೆ ಒಂದೊಂದನ್ನೇ ಹರಡಿದರು. ಮಂಡಿ ಸುಮ್ಮನಾಗಿತ್ತು, ಅಥವಾ ಅವರಿಗೆ ಕೇಳಿಸುತ್ತಿರಲಿಲ್ಲ. ಮೊದಲ ಇಪ್ಪತ್ತೊಂಬತ್ತು ಶುಕ್ರವಾರ ಸೀರೆ ನಿಗಿನಿಗಿ ಕೆಂಪು. ಮೂವತ್ತನೆಯದರಲ್ಲಿ, ಸೊಂಟದ ಬಳಿ, ಒಂದು ತೆಳು ಹಳದಿ ಗೆರೆ. ಮೂವತ್ತೊಂದರಲ್ಲೂ ಅದೇ ಜಾಗ. ಕೊನೆಯದರವರೆಗೂ ಅದೇ ಜಾಗ. ಎಡಮೂಲೆಯಲ್ಲಿ ಉಗುರಿನ ಗುಳಿ.

ಪಾರದರ್ಶಕ ಅಳತೆಪಟ್ಟಿಯನ್ನು ಪತ್ರದ ಮೇಲಿಟ್ಟರು, ಲಕ್ಷ್ಮಿಯ ಮೇಲಿಟ್ಟರು. ಮತ್ತೆ ಪತ್ರದ ಮೇಲೆ. ಕಾಗದದ ತಲೆಯಿಂದ ಗೆರೆಗೆ ಅದೇ ದೂರ. ಗುಳಿಯೂ ಅದೇ.

ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಹುಡುಕಿದ್ದು ಸಿಕ್ಕಾಗ ಒಂದು ಕಾಲಕ್ಕೆ ಖುಷಿಯಾಗುತ್ತಿತ್ತು. ಈಗ ಬರೀ ಸುಸ್ತು.

"ನಳಿನಿ, ಕೂತ್ಕೊಳ್ಳಿ."

ಅವಳು ಕೂರಲಿಲ್ಲ.

"ಈ ಮೂರು ಪತ್ರ ಈ ಲಕ್ಷ್ಮಿ ಬಂದ ಪ್ರಿಂಟರಿನಿಂದಲೇ ಬಂದಿವೆ. ನಿಮ್ಮ ಪ್ರಿಂಟರಿನಿಂದ."

"ನಮ್ಮದು ಆಗಿತ್ತು" ಎಂದಳು ನಳಿನಿ. ದನಿ ಒಣಗಿತ್ತು. "ಈಗ ನನ್ನ ಹತ್ರ ಇಲ್ಲ."

"ಎಲ್ಲಿದೆ?"

"ಕೊಟ್ಟುಬಿಟ್ಟೆ."

"ಯಾರಿಗೆ?"

"ಗೊತ್ತಿಲ್ಲ."

ಅನುಸೂಯಾ ಟಿಪ್ಪಣಿ ಪುಸ್ತಕ ತೆರೆದರು. ಈ ಗೊತ್ತಿಲ್ಲ ಎಂಬ ಮಾತನ್ನು ಅವರು ಎಷ್ಟು ಬಾಯಿಂದ ಕೇಳಿದ್ದರೋ. ಅದರಲ್ಲಿ ಅರ್ಧ ಸುಳ್ಳು, ಅರ್ಧ ನಿಜ, ಮತ್ತು ಕೇಳಲು ಎರಡೂ ಒಂದೇ ಥರ.

"ಶಿಫ್ಟ್ ಆಗೋ ವಾರ ನಮ್ಮ ಮರ್ಫಿ ವಾಟ್ಸಾಪ್ ಗ್ರೂಪಲ್ಲಿ ಹಾಕ್ದೆ. ಪ್ರಿಂಟರ್ ಫ್ರೀ, ಸಿರಿಂಜು, ಇಂಕ್ ಬಾಟ್ಲಿ ಸಮೇತ, ಬೇಕಾದೋರು ಬಾಗಿಲ ಮುಂದಿಂದ ತಗೊಂಡುಹೋಗಿ ಅಂತ. ಹೊರಗಿಟ್ಟು ಇಲ್ಲಿಗೆ ಇಂಟರ್ವ್ಯೂಗೆ ಬಂದೆ. ವಾಪಸ್ ಹೋದಾಗ ಇರಲಿಲ್ಲ."

"ನಂಗೆ ಬೇಕು ಅಂತ ಗ್ರೂಪಿನಲ್ಲಿ ಯಾರೂ ಹೇಳಲಿಲ್ಲವಾ?"

"ನಾನು ನೋಡಿಲ್ಲ. ಆ ಗ್ರೂಪಲ್ಲಿ ಮೆಸೇಜು ಏಳು ದಿನಕ್ಕೆ ತಾನೇ ಅಳಿಸಿ ಹೋಗುತ್ತೆ."

"ಯುಗಾದಿ ಕಾರ್ಯಕ್ರಮಕ್ಕೆ ಹೂಸ್ಟನ್ನಿಗೆ ಹೋಗಿದ್ರಾ?"

"ಹೋಗಿದ್ದೆ. ಅರ್ಧ ಟೆಕ್ಸಸ್ಸೇ ಬಂದಿತ್ತು. ಶೀತಲ್ ಮನೆಯವರೂ ಎಲ್ಲ ಬಂದಿದ್ರು."

"ಆ ವಾರಾಂತ್ಯ ಒಂದು ಪತ್ರ ಹೂಸ್ಟನ್ನಿಂದ ಪೋಸ್ಟ್ ಆಗಿದೆ. ಒಂದು ಡಾಲಸ್ಸಿಂದ. ಇನ್ನೊಂದು ಆಸ್ಟಿನ್ನಿಂದ. ನಿಮ್ಮನೆಯಿಂದ ಮೂವತ್ತು ಮೈಲಿ."

ನಳಿನಿಯ ಕಣ್ಣು ತುಂಬಿಬಂತು. ಅವಳು ಅಳಲಿಲ್ಲ. ಕೊರಳಿನ ಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟಳು, ಲಕ್ಷ್ಮಿಯರ ನಡುವೆ.

"ಆಂಟಿ" ಎಂದಳು. ಮೇಡಂ ಹೋಗಿ ಆಂಟಿ ಬಂದದ್ದು ಅವಳಿಗೇ ಗೊತ್ತಾಗಲಿಲ್ಲ. "ನಾನು ಬರೆಯೋಳಾಗಿದ್ರೆ ಈ ಡಬ್ಬಾನ ನಾನೇ ತಂದು ನಿಮ್ಮ ಮುಂದೆ ಯಾಕೆ ಇಡ್ತಿದ್ದೆ?"

ಒಳ್ಳೆಯ ಪ್ರಶ್ನೆ. ಆದರೆ ಕಳ್ಳಸಹಿ ಮಾಡಿದ ಪೆನ್ನನ್ನೇ ತಂದು, ಬೇಕಾದರೆ ಪರೀಕ್ಷೆ ಮಾಡಿ ಎಂದು ಕೊಟ್ಟವರನ್ನೂ ಅನುಸೂಯಾ ನೋಡಿದ್ದರು. ಜನ ಅಷ್ಟೊಂದು ಬುದ್ಧಿವಂತರಲ್ಲ. ಅವರು ಆ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಬೇರೆ ಕೇಳಿದರು.

"ಶೀತಲ್ ಜೊತೆ ಜಗಳ ಯಾಕಾಯ್ತು?"

"ನಾನು ಹೊರಟಿದ್ದಕ್ಕೆ. ಒಂಬತ್ತು ಮಕ್ಕಳನ್ನೂ ಅವಳ ಮನೆಗೆ ಕಳಿಸಿ ಹೊರಟುಬಿಟ್ಟೆ. ಅವಳು ಬೇಡ ಅಂದ್ಲು. ಒಬ್ಬಳಿಗೆ ಆಗಲ್ಲ ನಳಿನಿ, ನಂಗೆ ಸಾಕಾಗಿದೆ, ಮುಚ್ಚಿಬಿಡೋಣ ಅಂದ್ಲು. ಮನೇಲಿ ಮುಚ್ಚಕ್ಕೆ ಬಿಡಲ್ಲ, ನೀನೇ ಒಂದು ಮಾತು ಹೇಳು ಅಂತ ಕೈ ಹಿಡ್ಕೊಂಡ್ಲು." ನಳಿನಿ ಮೂಗೊರೆಸಿಕೊಂಡಳು. "ಸಾಮಾನು ಸಾಗಿಸೋ ಮೂವರ್ಸ್ ಬರೋ ದಿನ ಅವತ್ತು. ಆಮೇಲೆ ಮಾತಾಡ್ತೀನಿ ಅಂದೆ. ಮಾತಾಡಲೇ ಇಲ್ಲ."

ಆ ಮಾತು ಅನುಸೂಯಾರ ಕಿವಿಗೆ ಬಿತ್ತು, ಟಿಪ್ಪಣಿ ಪುಸ್ತಕಕ್ಕೆ ಬೀಳಲಿಲ್ಲ. ಅವರ ಕಣ್ಣು ಕೊನೆಯ ಲಕ್ಷ್ಮಿಯ ಮೇಲಿತ್ತು. ಅದರಲ್ಲಿ ಗೆರೆ ಒಂದೇ. ಪತ್ರದಲ್ಲಿ ಎರಡು. ಈ ಶುಕ್ರವಾರಕ್ಕೂ ಆ ಪತ್ರಕ್ಕೂ ನಡುವೆ ಎಲ್ಲೋ, ಯಾರದೋ ಮನೆಯಲ್ಲಿ, ಇನ್ನೊಂದು ತೂತು ಕಟ್ಟಿಕೊಂಡಿತ್ತು. ಆ ಮನೆ ಇದೇ ಇರಬಹುದು. ಗ್ಯಾರೇಜಿನಲ್ಲೊಂದು ಪೆಟ್ಟಿಗೆ ತೆರೆಯದೆ ಕೂತಿರಬಹುದು.

"ಗ್ಯಾರೇಜ್ ನೋಡಬಹುದಾ?"

ನಳಿನಿ ತೋರಿಸಿದಳು. ಮೇಲಿನ ಕೋಣೆಗಳನ್ನೂ ತೋರಿಸಿದಳು. ಹದಿನೆಂಟು ಮೆಟ್ಟಿಲು ಹತ್ತಿ ಇಳಿದರೂ ಸಿಕ್ಕಿದ್ದು ಮಂಡಿನೋವೊಂದೇ. ಇಲ್ಲದ್ದು ಸಿಗಲಿಲ್ಲ ಎಂದರೆ ವಕೀಲರು ಒಪ್ಪುವುದಿಲ್ಲ. ಎಸೆದಿರಬಹುದಲ್ಲ ಎನ್ನುತ್ತಾರೆ. ಮೇಜಿನ ಮೇಲಿದ್ದದ್ದು ಮಾತ್ರ ಎಲ್ಲರಿಗೂ ಕಾಣುತ್ತದೆ.

"ಈ ಚಿತ್ರಗಳನ್ನ ತಗೊಂಡು ಹೋಗ್ತೀನಿ" ಎಂದರು ಅನುಸೂಯಾ.

"ನನ್ನ ಹೆಸರು ಬರೀತೀರಾ?"

"ಕಂಡಿದ್ದನ್ನ ಬರೀತೀನಿ."

"ಅದು ಒಂದೇ ಅಲ್ಲವಾ ಆಂಟಿ?"

ಅನುಸೂಯಾ ಚಿತ್ರಗಳನ್ನು ಡಬ್ಬಕ್ಕೆ ಹಾಕಿ ಮುಚ್ಚಿದರು. ಮುಂಬಾಗಿಲ ಹೊರಗೆ ಬಂದು, ಜಗುಲಿಯ ಕಂಬ ಹಿಡಿದು ನೋವು ಇಳಿಯುವವರೆಗೆ ನಿಂತರು. ಸಾಲಾಗಿ ಹೊಸ ಮನೆಗಳು, ಇನ್ನೂ ಕೋಲಿಗೆ ಕಟ್ಟಿದ ಎಳೆ ಗಿಡಗಳು, ಬೀದಿಯ ಆಚೆ ಬದಿಯಲ್ಲಿ ನಿಂತ ಎರಡು ಮೂರು ಕಾರು. ಶುಕ್ರವಾರದ ಸಂಜೆ ಎಲ್ಲರೂ ಮನೆ ಸೇರುತ್ತಿದ್ದರು. ಅವರಿಗಿನ್ನೂ ಮೂರು ಗಂಟೆಯ ದಾರಿ.

*

ಹೆದ್ದಾರಿ ಹತ್ತುವ ಮೊದಲು ಗ್ಯಾಸ್ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಿದರು. ಮಾತ್ರೆ ಇಲ್ಲದೆ ಇನ್ನು ಸಾಧ್ಯವಿರಲಿಲ್ಲ. ಕೈಚೀಲವನ್ನು ತೊಡೆಯ ಮೇಲೆ ಬೋರಲು ಹಾಕಿದರು. ಕನ್ನಡಕದ ಡಬ್ಬಿ, ಬಿಲ್ಲು, ಪೆನ್ನು, ತಳದಲ್ಲೆಲ್ಲೋ ಅಡಗಿದ್ದ ಮಾತ್ರೆಯ ಹಾಳೆ. ಅದರ ಜೊತೆಗೆ ಕಮಲವ್ವನ ಪೊಟ್ಟಣವೂ ಬಿದ್ದು ಬಿಚ್ಚಿಕೊಂಡಿತು.

"ಛೆ."

ಹತ್ತಿಯ ಸೀರೆಯ ತುಂಬ ಕುಂಕುಮ. ಕೊಡವಲು ಹೋಗಿ ಇನ್ನಷ್ಟು ಹರಡಿತು. ಪೊಟ್ಟಣದ ಕಾಗದವನ್ನು ಕಿಟಕಿಯಾಚೆ ಹಿಡಿದು ಝಾಡಿಸಿದರು. ಒಳಮಡಿಕೆ ಬಿಚ್ಚಿ ಪೂರ್ತಿ ಹಾಳೆಯಾಯಿತು.

ಲಕ್ಷ್ಮಿ.

ಮಂಗಳವಾರ ಇದು ಕ್ಯಾಲೆಂಡರಿನ ಹಾಳೆ ಎಂದುಕೊಂಡಿದ್ದರು. ಕಮಲವ್ವ ಕೈಗಿಡುವಾಗ ಹೇಳಿದ ಮಾತು ಈಗ ಅಕ್ಷರಕ್ಕೆ ಅಕ್ಷರ ನೆನಪಾಯಿತು. "ಹ್ವಾದ ಶುಕ್ರವಾರದ ಲಕ್ಷ್ಮೀ ಅದಾಳ್ರಿ, ಒಗಿಬ್ಯಾಡ್ರಿ ಮತ್ತ. ಮನಿಗೆ ಬಂದ ಮುತ್ತೈದೇರಿಗೆಲ್ಲಾ ಒಂದೊಂದು ಕೊಡ್ತೀನಿ. ಇಟ್ಕೊಂಡು ಏನ್ ಮಾಡ್ಲಿ?"

ಅದೇ ದಿನ, ಅದೇ ಮನೆಯ ಅಡುಗೆಕೋಣೆಯಲ್ಲಿ ನಿಂತು, ಶೀತಲ್ ಹೇಳಿದ್ದಳು. "ನಮ್ಮನ್ಯಾಗ ಪ್ರಿಂಟರ್ ಇಲ್ರಿ ಮೇಡಂ. ಇಂಕಿನ ಕಾಟ ಸಾಕಾಗಿ ಬಿಟ್ಟೇವಿ. ಏನ್ ಬೇಕಂದ್ರೂ ಲೈಬ್ರರಿಗೆ ಹೋಗ್ತೇನ್ರಿ."

ಅನುಸೂಯಾ ಭೂತಗನ್ನಡಿ ತೆಗೆದರು. ಸೊಂಟದ ಬಳಿ, ಕೆಂಪು ಸೀರೆಯ ಮೇಲೆ, ಹಳದಿ ಗೆರೆ. ಅದರ ಕೆಳಗೆ ಮೂರು ಮಿಲಿಮೀಟರ್ ಬಿಟ್ಟು ಇನ್ನೊಂದು. ಎಡಮೂಲೆಯಲ್ಲಿ ಉಗುರಿನ ಗುಳಿ. ಕಪ್ಪು ಕಾರ್ಟ್ರಿಜ್ ಯಾಕಿಲ್ಲ ಎಂದೂ ಈಗ ಹೊಳೆಯಿತು. ಲಕ್ಷ್ಮಿಯೊಬ್ಬಳನ್ನೇ ತೆಗೆಯುವ ಮುದುಕಿಗೆ ಕಪ್ಪು ಯಾಕೆ ಬೇಕು?

ನಾಲ್ಕು ದಿನ, ಮೂರು ಊರು, ಏಳುನೂರು ಮೈಲಿ. ಉತ್ತರ ಕೈಚೀಲದಲ್ಲೇ ಕೂತು ಜೊತೆಗೆ ಬಂದಿತ್ತು. ನಳಿನಿ ಬರೆದಿರಲಿಲ್ಲ. ಆ ಸಮಾಧಾನ ಒಂದು ಕ್ಷಣವೂ ನಿಲ್ಲಲಿಲ್ಲ. ಕಮಲವ್ವನ ಮನೆಯಲ್ಲಿ ಯಾರೋ ಬರೆದಿದ್ದರು ಎಂಬುದು ಅದರ ಬೆನ್ನಿಗೇ ಬಂತು.

ಫೋನ್ ಹೊಡೆದುಕೊಂಡಿತು. ಕಮಲವ್ವ. ದೀಪ ಹಚ್ಚುವ ಹೊತ್ತು, ಊಟದ ಪ್ರಶ್ನೆಯ ಹೊತ್ತು.

"ಎಲ್ಲಿ ಅದೀರಿ ಬಾಯಾರ? ಹೊಟ್ಟಿಗೇನರೆ ತಿಂದೀರೋ ಇಲ್ಲೋ?"

"ತಿಂತೀನಿ ಕಮಲವ್ವ" ಎಂದರು ಅನುಸೂಯಾ. "ಒಂದು ಮಾತು. ನೀವು ಶುಕ್ರವಾರ ಲಕ್ಷ್ಮಿ ತೆಗೀತೀರಲ್ಲ, ಆ ಪ್ರಿಂಟರ್ ಎಲ್ಲಿದೆ?"

"ನನ್ನ ಖೋಲ್ಯಾಗ ಇತ್ರಿ. ಆ ನಳಿನೀದು. ಆಕಿ ಊರು ಬಿಡೂ ಮುಂದ ಹೊರಗ ಇಟ್ಟಿದ್ದಳಂತ, ಶೀತಲ್ ನನಗಂತ ತಂದು ಕೊಟ್ಟಿದ್ದಳು. ಇವತ್ತ ಲಕ್ಷ್ಮೀ ತೆಗೀಬೇಕಂದ್ರ ಅದಽ ಇಲ್ಲ ನೋಡ್ರಿ, ಮನಸ್ಸಿಗೆ ಹೆಂಗೋ ಆಗೇತಿ."

"ಯಾಕೆ? ಎಲ್ಲಿ ಹೋಯ್ತು?"

"ಮಧ್ಯಾಹ್ನ ನಿಮ್ಮ ಜೋಡಿ ಫೋನ್ಯಾಗ ಮಾತಾಡಿದ್ಲಲ್ರಿ ಶೀತಲ್, ಆಮ್ಯಾಲೆ ಆ ಎರಡು ಕೂಸುಗಳನ್ನ ಲಗೂನಽ ಕಳಿಸಿ, ಪ್ರಿಂಟರ್ ಎತ್ಕೊಂಡು ಕಾರಿನ್ಯಾಗ ಇಟ್ಕೊಂಡು ಹ್ವಾದಳು. ಎಲ್ಲಿಗಂತ ಕೇಳಿದ್ರ, 'ಆಕಿ ವಸ್ತು ಆಕಿಗೆ ಮುಟ್ಟಿಸಿ ಬರ್ತೇನತ್ತಿ' ಅಂದ್ಲು. ಅಳಾಕತ್ತಿದ್ಲು ಬಾಯಾರ. ಇನ್ನೂ ಬಂದಿಲ್ಲ, ಫೋನೂ ಎತ್ತವಲ್ಲಳು. ಏನಾಗೇತ್ರಿ ನಮ್ಮ ಹುಡುಗಿಗೆ?"

ಸಾಕಾಗಿದೆ, ಮುಚ್ಚಿಬಿಡೋಣ, ಮನೇಲಿ ಬಿಡಲ್ಲ ಎಂದು ಶೀತಲ್ ನಳಿನಿಯ ಕೈ ಹಿಡಿದದ್ದು ಅನುಸೂಯಾರಿಗೆ ಈಗ ಅರ್ಥವಾಯಿತು; ಮುಚ್ಚಿಸಲೆಂದೇ ಅವಳು ತನ್ನ ಮೇಲೆ ತಾನೇ ಬರೆದಿದ್ದಳು. ಅಂಗೈ ತುಂಬ ಕುಂಕುಮ ಅಂಟಿತ್ತು. ಆ ಮುದುಕಿಗೆ ಏನು ಹೇಳಬೇಕೆಂದು ಹುಡುಕುತ್ತಿರುವಾಗಲೇ ಫೋನಿನ ತಲೆಯ ಮೇಲೆ ನಳಿನಿಯ ಮೆಸೇಜೊಂದು ಇಳಿದುಬಂತು.

ಒಂದು ಫೋಟೋ. ಮುಂಬಾಗಿಲ ಎದುರಿನ ಜಗುಲಿ. ಅನುಸೂಯಾ ಇಪ್ಪತ್ತು ನಿಮಿಷದ ಹಿಂದೆ ಹಿಡಿದು ನಿಂತಿದ್ದ ಅದೇ ಕಂಬ. ಆಗ ಅದರ ಬುಡದಲ್ಲಿ ಏನೂ ಇರಲಿಲ್ಲ. ಈಗ ಅಲ್ಲೊಂದು ಹಳೆಯ ಪ್ರಿಂಟರ್, ಅದರ ಮೇಲೆ ಸಿರಿಂಜು, ಮೂರು ಇಂಕಿನ ಬಾಟಲಿ. ಮುಚ್ಚಳದ ಮೇಲೆ ಕಮಲವ್ವ ಇಟ್ಟ ಕುಂಕುಮದ ಬೊಟ್ಟನ್ನು ಯಾರೋ ಅವಸರದಲ್ಲಿ ಒರೆಸಿದ ಗುರುತು.

ಕೆಳಗೆ ನಳಿನಿ ಬರೆದಿದ್ದಳು: "ಆಂಟಿ, ಬಾಗಿಲು ತೆಗೆದ್ರೆ ಇದು ಇಲ್ಲಿದೆ. ಆಚೆ ಕಡೆ ಒಂದು ಕಾರು ಇನ್ನೂ ನಿಂತಿದೆ. ಒಳಗೆ ಯಾರೋ ಸ್ಟಿಯರಿಂಗ್ ಮೇಲೆ ತಲೆ ಇಟ್ಟುಕೊಂಡು ಕೂತಿದಾರೆ. ಅಲ್ಲಾಡ್ತಿಲ್ಲ."

"ಹಲೋ? ಬಾಯಾರ?" ಎನ್ನುತ್ತಿದ್ದರು ಕಮಲವ್ವ. "ಕೇಳಿಸ್ತೈತೇನ್ರಿ?"

ಅನುಸೂಯಾ ಮಾತ್ರೆಯನ್ನು ನೀರಿಲ್ಲದೆಯೇ ನುಂಗಿ, ಕಾರನ್ನು ಬಂದ ದಾರಿಗೇ ತಿರುಗಿಸಿದರು.